ಗೋತ್ರದ ಜೊತೆಗೆ ರಕ್ತವನ್ನೂ ವಿಚಾರಿಸೋಣ

ರಜೆ ಸಮೀಪಿಸಿದಂತೆ ಅಲ್ ಖಫ್ಜಿಯ ನಮ್ಮ ಕನ್ನಡ ಮನೆಗಳಲ್ಲಿ ಮದುವೆಯ ಮಾತು ಆರಂಭವಾಗುತ್ತದೆ. ಮನೆತನ, ವಿದ್ಯೆ, ಉದ್ಯೋಗ, ಜಾತಕ, ಗೋತ್ರ ಎಲ್ಲವನ್ನೂ ನಾವು ಸಾವಧಾನವಾಗಿ ವಿಚಾರಿಸುತ್ತೇವೆ. ಹುಟ್ಟಲಿರುವ ಮಗುವಿನ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಣ್ಣ ರಕ್ತಪರೀಕ್ಷೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದೇ ಈ ಲೇಖನದ ವಾದ.

ನಾವು ದುಡಿಯುತ್ತಿರುವ ಈ ದೇಶ 2004ರಿಂದಲೇ ತನ್ನ ಪ್ರಜೆಗಳಿಗೆ ವಿವಾಹಪೂರ್ವ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ. ಕುಡಗೋಲು ಕಣ ರೋಗ ಮತ್ತು ಥಲಸೀಮಿಯಾಗಳ ವಾಹಕರನ್ನು ಮದುವೆಗೆ ಮುನ್ನವೇ ಗುರುತಿಸುವುದು ಅದರ ಉದ್ದೇಶ. ಫಲಿತಾಂಶ ಏನೇ ಇರಲಿ, ಮದುವೆಯ ನಿರ್ಧಾರ ವಧೂವರರದೇ. ಖಫ್ಜಿ ಸೇರಿರುವ ಪೂರ್ವ ಪ್ರಾಂತ್ಯದ ಅಲ್ ಅಹ್ಸಾ, ಕತೀಫ್‌ಗಳಲ್ಲಿ ಕುಡಗೋಲು ಕಣ ರೋಗ ಹೆಚ್ಚು. ಅಲ್ಲಿಯ ಜೀನ್ ಮತ್ತು ಭಾರತದಲ್ಲಿ ಕಂಡುಬರುವ ಜೀನ್ ಒಂದೇ ಮೂಲದ್ದೆಂದು ವಿಜ್ಞಾನಿಗಳು ಗುರುತಿಸಿ, ಅದಕ್ಕೆ 'ಅರಬ್-ಇಂಡಿಯನ್' ಎಂದೇ ಹೆಸರಿಟ್ಟಿದ್ದಾರೆ. ಆದ್ದರಿಂದ ಇದು ಪರರ ಸಮಸ್ಯೆಯಲ್ಲ.

ಇದರ ಮೂಲವನ್ನು ಅರಿಯಲು ಡಿಎನ್‌ಎಯ ರಚನೆಯನ್ನು ಸ್ವಲ್ಪ ನೋಡಬೇಕು. ಡಿಎನ್‌ಎ ಎಂಬುದು ನ್ಯೂಕ್ಲಿಯೋಟೈಡುಗಳ ಉದ್ದನೆಯ ಸರಪಳಿ. ಪ್ರತಿಯೊಂದು ನ್ಯೂಕ್ಲಿಯೋಟೈಡಿನಲ್ಲೂ ಒಂದು ಸಕ್ಕರೆ, ಒಂದು ಫಾಸ್ಫೇಟ್ ಮತ್ತು ಒಂದು ಪ್ರತ್ಯಾಮ್ಲ ಇರುತ್ತವೆ. ಪ್ರತ್ಯಾಮ್ಲಗಳು ನಾಲ್ಕೇ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಇವೇ ಜೀವದ ಅಕ್ಷರಮಾಲೆ. ಅಡೆನಿನ್ ಥೈಮಿನ್‌ನೊಡನೆ, ಗ್ವಾನಿನ್ ಸೈಟೋಸಿನ್‌ನೊಡನೆ ಮಾತ್ರ ಜೋಡಿಯಾಗುತ್ತದೆ. ಹೀಗೆ ಜೋಡಿಯಾದ ಎರಡು ಎಳೆಗಳು ತಿರುಚಿದ ಏಣಿಯಂತೆ ನಿಲ್ಲುತ್ತವೆಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಅಧ್ಯಯನ ಅದಕ್ಕೆ ಆಧಾರವಾಯಿತು.

ಕೋಶ ವಿಭಜನೆಯಾಗುವ ಮುನ್ನ ಈ ಏಣಿ ನಡುವೆ ಬಿಚ್ಚಿಕೊಳ್ಳುತ್ತದೆ. ಪ್ರತಿಯೊಂದು ಹಳೆಯ ಎಳೆಯೂ ಅಚ್ಚಾಗಿ ನಿಂತು, ಅದಕ್ಕೆ ಹೊಂದುವ ಹೊಸ ಎಳೆಯನ್ನು ಪಾಲಿಮರೇಸ್ ಎಂಬ ಕಿಣ್ವ ಹೆಣೆಯುತ್ತದೆ. ಹೀಗಾಗಿ ಪ್ರತಿ ಹೊಸ ಡಿಎನ್‌ಎಯಲ್ಲೂ ಒಂದು ಎಳೆ ಹಳೆಯದು, ಒಂದು ಹೊಸದು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಇದನ್ನು ಪ್ರಯೋಗದಿಂದ ದೃಢಪಡಿಸಿದರು. ಸುಮಾರು 300 ಕೋಟಿ ಜೋಡಿ ಅಕ್ಷರಗಳ ಈ ಗ್ರಂಥದ ನಕಲಿನಲ್ಲಿ ತಪ್ಪುಗಳು ನುಸುಳುವುದು ಅತಿ ವಿರಳ. ನುಸುಳಿದರೂ ತಿದ್ದುವ ಕಿಣ್ವಗಳಿವೆ. ಆದರೆ ಆ ಕಿಣ್ವಗಳು ಎರಡು ಎಳೆಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನಷ್ಟೇ ನೋಡಬಲ್ಲವು. ತಪ್ಪು ಎರಡೂ ಎಳೆಗಳಲ್ಲಿ ನೆಲೆಗೊಂಡ ಮೇಲೆ ಅದು ತಪ್ಪಾಗಿ ಉಳಿಯುವುದಿಲ್ಲ, ಪಾಠವೇ ಆಗಿಬಿಡುತ್ತದೆ. ಮುಂದಿನ ತಲೆಮಾರುಗಳಿಗೆ ಅಷ್ಟೇ ನಿಷ್ಠೆಯಿಂದ ಸಾಗುತ್ತದೆ.

ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ರೂಪಿಸುವ ಜೀನಿನಲ್ಲಿ ಒಂದೇ ಒಂದು ಅಡೆನಿನ್‌ನ ಸ್ಥಾನಕ್ಕೆ ಥೈಮಿನ್ ಬಂದರೆ ಅದೇ ಕುಡಗೋಲು ಕಣದ ಜೀನ್. ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಬೀಟಾ ಥಲಸೀಮಿಯಾ ದೋಷವೂ ಅದೇ ಜೀನಿನಲ್ಲಿ ಒಂದು ಗ್ವಾನಿನ್ ಬದಲಿಗೆ ಸೈಟೋಸಿನ್ ಬಂದುದರ ಫಲ. ಒಂದು ಅಕ್ಷರ ಬದಲಾದುದಕ್ಕೆ ಒಂದು ಮಗು ಜೀವನವಿಡೀ ಮೂರು-ನಾಲ್ಕು ವಾರಗಳಿಗೊಮ್ಮೆ ರಕ್ತ ಪಡೆಯಬೇಕಾಗುತ್ತದೆ.

ತಂದೆ ಅಥವಾ ತಾಯಿ ಒಬ್ಬರೇ ವಾಹಕರಾದರೆ ಮಗುವಿಗೆ ಈ ತೀವ್ರ ರೋಗ ಬಾರದು. ವಾಹಕರು ರೋಗಿಗಳಲ್ಲ, ಸಾಮಾನ್ಯವಾಗಿ ಅವರು ಆರೋಗ್ಯವಂತರೇ. ಇಬ್ಬರೂ ವಾಹಕರಾದಾಗ ಮಾತ್ರ ಪ್ರತಿಯೊಂದು ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಮೊದಲ ಮಗು ರೋಗಿಯಾದರೆ ಮುಂದಿನ ಮೂರು ಕ್ಷೇಮ ಎಂಬ ಲೆಕ್ಕ ತಪ್ಪು. ಪ್ರತಿ ಬಾರಿಯೂ ಅದೇ ಅಪಾಯ ಹೊಸದಾಗಿ ಎದುರಾಗುತ್ತದೆ. ಇಲ್ಲಿ ಇನ್ನೊಂದು ನ್ಯಾಯದ ಪ್ರಶ್ನೆಯೂ ಇದೆ. ಮಗುವಿಗೆ ಕಾಯಿಲೆ ಬಂದಾಗ ಸೊಸೆಯ ಕಾಲ್ಗುಣವನ್ನೋ ಅವಳ ತವರನ್ನೋ ದೂಷಿಸುವ ಮಾತು ನಮ್ಮಲ್ಲಿ ಇನ್ನೂ ನಿಂತಿಲ್ಲ. ಎರಡೂ ಕಡೆಯಿಂದ ಒಂದೊಂದು ಪ್ರತಿ ಬಾರದೆ ಈ ರೋಗವಿಲ್ಲ. ಆದ್ದರಿಂದ ದೂಷಣೆಗೆ ವಿಜ್ಞಾನದ ಬೆಂಬಲವೂ ಇಲ್ಲ.

'ನಾವು ಗೋತ್ರ ನೋಡುತ್ತೇವಲ್ಲ' ಎನ್ನುವವರಿದ್ದಾರೆ. ಗೋತ್ರ ತಂದೆಯ ಸಾಲನ್ನು ಮಾತ್ರ ಹಿಂಬಾಲಿಸುತ್ತದೆ. ಸೋದರಮಾವನ ಗೋತ್ರ ಬೇರೆ. ಆದರೆ ಅವನಿಗೂ ಅವನ ಅಕ್ಕನ ಮಗಳಿಗೂ ಸುಮಾರು ನಾಲ್ಕನೆಯ ಒಂದು ಪಾಲು ಡಿಎನ್‌ಎ ಒಂದೇ ಮೂಲದಿಂದ ಬಂದುದು. ಸೋದರಸಂಬಂಧಿಗಳ ನಡುವೆ ಅದು ಸುಮಾರು ಎಂಟನೆಯ ಒಂದು ಪಾಲು. ಕರ್ನಾಟಕದಲ್ಲಿ ಇಂಥ ಮದುವೆಗಳು ಹಲವು ಸಮುದಾಯಗಳಲ್ಲಿ ಇಂದಿಗೂ ನಡೆಯುತ್ತಿವೆ. ಸಂಬಂಧಿಕರಲ್ಲಿ ಒಂದೇ ದೋಷದ ಎರಡು ಪ್ರತಿಗಳು ಸಂಧಿಸುವ ಸಾಧ್ಯತೆ ಹೆಚ್ಚು ಎಂಬುದನ್ನು ಬಲ್ಲವರು ಮರೆಯಬಾರದು. ಮೈಸೂರು, ಚಾಮರಾಜನಗರ, ಕೊಡಗಿನ ಗಿರಿಜನರಲ್ಲಿ ಕುಡಗೋಲು ಕಣ ರೋಗವಿದೆ. ಅದರ ನಿರ್ಮೂಲನೆಗೆ ಭಾರತ ಸರಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿದೆ. ಥಲಸೀಮಿಯಾ ವಾಹಕರಾದರೋ ನೂರು ಭಾರತೀಯರಲ್ಲಿ ಮೂರು-ನಾಲ್ಕು ಮಂದಿ ಎಂಬ ಅಂದಾಜಿದೆ.

ಮಾಡಬೇಕಾದುದು ಕಷ್ಟದ್ದಲ್ಲ. ಸಂಪೂರ್ಣ ರಕ್ತಕಣ ಪರೀಕ್ಷೆ ಮತ್ತು ಎಚ್‌ಪಿಎಲ್‌ಸಿ ಎಂಬ ಹಿಮೋಗ್ಲೋಬಿನ್ ಪರೀಕ್ಷೆ ಸಾಮಾನ್ಯವಾಗಿ ಸಾಕು. ಕಬ್ಬಿಣದ ಮಾತ್ರೆ ತಿಂದರೂ ಸರಿಹೋಗದ, ಕೆಂಪು ಕಣಗಳು ಚಿಕ್ಕದಾಗಿರುವ 'ರಕ್ತಹೀನತೆ' ಮನೆಯಲ್ಲಿ ಯಾರಿಗಾದರೂ ಇದ್ದರೆ ತಡಮಾಡದಿರಿ. ಪರೀಕ್ಷೆ ನಿಶ್ಚಿತಾರ್ಥಕ್ಕಿಂತ ಮುಂಚೆ ಆಗುವುದು ಉಚಿತ. ಛತ್ರ ಗೊತ್ತುಮಾಡಿ, ಆಮಂತ್ರಣ ಹಂಚಿದ ಮೇಲೆ ಯಾವ ಮನೆಯವರೂ ಶಾಂತವಾಗಿ ಯೋಚಿಸಲಾರರು. ಈಗಾಗಲೇ ಮದುವೆಯಾದವರು ಗರ್ಭಧಾರಣೆಗೆ ಮುನ್ನ ಪರೀಕ್ಷಿಸಿಕೊಳ್ಳಲಿ. ಇಬ್ಬರೂ ವಾಹಕರೆಂದು ತಿಳಿದರೆ ಗರ್ಭದ ಆರಂಭದಲ್ಲೇ ಭ್ರೂಣದ ಪರೀಕ್ಷೆ ಸಾಧ್ಯ. ತಜ್ಞರ ಸಲಹೆ ಪಡೆಯಬಹುದು.

ವರದಿ ಹೊರಬಿದ್ದರೆ ಮಗಳ ಸಂಬಂಧಕ್ಕೆ ಕುಂದುಂಟಾದೀತೆಂಬ ಅಂಜಿಕೆ ನಮಗೆ ಅರ್ಥವಾಗುತ್ತದೆ. ಅದಕ್ಕೆ ಪರಿಹಾರ ಗುಟ್ಟಲ್ಲ, ಸಮಾನತೆ. ಗಂಡಿನ ಮನೆಯವರೇ ಮೊದಲು ತಮ್ಮ ಮಗನ ಪರೀಕ್ಷೆ ಮಾಡಿಸಲಿ. ಅವನು ವಾಹಕನಲ್ಲವೆಂದಾದರೆ ಈ ಎರಡು ರೋಗಗಳ ಮಟ್ಟಿಗೆ ಹೆಣ್ಣಿನ ವರದಿ ಸಂಬಂಧಕ್ಕೆ ಅಡ್ಡಿಯೇ ಅಲ್ಲ. ಈ ರಜೆಗೆ ಊರಿಗೆ ಹೊರಡುವ ನಮ್ಮ ಯುವಕರು ಜಾತಕದ ಜೊತೆಗೆ ಆ ಒಂದು ಹಾಳೆಯನ್ನೂ ಒಯ್ಯಲಿ ಎಂಬುದು ನಮ್ಮ ವಿನಂತಿ.