ಬರೆಯುವವರ ಜೊತೆ ಕೂತರೆ ಏನು ಲಾಭ?

ನಾವು ಕಾಮರ್ಸ್ ವಿದ್ಯಾರ್ಥಿಗಳು. ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ "ಇದರಿಂದ ಏನು ಲಾಭ?" ಎಂದು ಕೇಳುವುದು ನಮಗೆ ಅಭ್ಯಾಸ. ಹರಿಹರದ ಒಂದು ಚಿಕ್ಕ ಬರಹಗಾರರ ಬಳಗಕ್ಕೆ ಹೋಗುತ್ತಿದ್ದೇನೆ ಎಂದಾಗ ಗೆಳತಿಯರು ನನ್ನನ್ನು ಕೇಳಿದ್ದೂ ಇದನ್ನೇ. ಸರ್ಟಿಫಿಕೇಟ್ ಕೊಡ್ತಾರಾ? ಮಾರ್ಕ್ಸ್ ಸಿಗುತ್ತಾ? ಎರಡೂ ಇಲ್ಲ. ಆದರೂ ನಮ್ಮ ಕಾಲೇಜಿನವರು, ಅದರಲ್ಲೂ ಮನೆಯಲ್ಲಿ ಉರ್ದು ಮಾತಾಡುವ ನಾವು, ಇಂಥ ಬಳಗಕ್ಕೆ ಸೇರಬೇಕು ಎಂಬುದು ನನ್ನ ಅಭಿಪ್ರಾಯ.

ನಮಗೆ ಕನ್ನಡ ಬರುವುದಿಲ್ಲ ಎಂದಲ್ಲ. ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಕಡೆ ಸಲೀಸಾಗಿ ಮಾತಾಡುತ್ತೇವೆ. ಬರೆಯಲು ಕೂತಾಗ ಹೆದರುತ್ತೇವೆ. ಉರ್ದುವಿನಲ್ಲಿ ಬಸ್ಸು ಕೂಡ ಸ್ತ್ರೀಲಿಂಗ. ಐದನೇ ತರಗತಿಯಲ್ಲಿ ನಾನು "ಬಸ್ಸು ಬಂದಳು" ಎಂದು ಬರೆದಿದ್ದೆ. ಅದನ್ನು ಇಡೀ ತರಗತಿಗೆ ಓದಿ ಹೇಳಿದರು, ಎಲ್ಲರೂ ನಕ್ಕರು. ಆಮೇಲೆ ಪ್ರಬಂಧ ಎಂದರೆ ಗೈಡ್ ನೋಡಿ ಬಾಯಿಪಾಠ ಮಾಡುವುದೇ ಆಯಿತು. ತಪ್ಪು ಬರಲಿಲ್ಲ, ಆದರೆ ಅದರಲ್ಲಿ ನನ್ನದು ಅಂತ ಒಂದು ವಾಕ್ಯವೂ ಇರಲಿಲ್ಲ.

ಹರಿಹರದಲ್ಲಿ ನನ್ನ ನಾನಿಯ ಮನೆಯಿದೆ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ತಿಂಗಳಿಗೊಂದು ಭಾನುವಾರ ಎಂಟು ಹತ್ತು ಜನ ಸೇರುತ್ತಾರೆ: ನಿವೃತ್ತ ಬ್ಯಾಂಕ್ ನೌಕರರು, ಒಬ್ಬ ಟೈಲರ್, ಒಬ್ಬ ನರ್ಸ್, ಡಿಗ್ರಿ ಓದುವ ಇಬ್ಬರು. ಬರೆದದ್ದನ್ನು ಓದುತ್ತಾರೆ, ಉಳಿದವರು ಕೇಳಿ ಮಾತಾಡುತ್ತಾರೆ. ಮಾಮು ಮೊದಲ ಸಲ ನನ್ನನ್ನು ಕರೆದುಕೊಂಡು ಹೋದರು.

ನನ್ನ ಅಬ್ಬಾ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಅವರ ಬಗ್ಗೆ ಒಂದು ಪುಟ ಬರೆದಿದ್ದೆ. "ನನ್ನ ತಂದೆಯವರು ಹಗಲಿರುಳು ಕಷ್ಟಪಟ್ಟು ದುಡಿಯುತ್ತಾರೆ" ಎಂದು ಶುರುವಾಗಿತ್ತು. ಓದಿ ಮುಗಿಸಿದಾಗ ನರ್ಸ್ ಅಕ್ಕ ಕೇಳಿದರು: "ಅವರು ಎಷ್ಟು ಗಂಟೆಗೆ ಏಳ್ತಾರೆ? ಭಟ್ಟಿ ಮುಂದೆ ಎಷ್ಟು ಹೊತ್ತು ನಿಲ್ತಾರೆ?" ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷ ಅದೇ ಮನೆಯಲ್ಲಿದ್ದರೂ ನಾನು ಕೇಳಿರಲಿಲ್ಲ.

ಆ ರಾತ್ರಿ ಕೇಳಿದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕೊನೆಗೆ ಕಾದ ಮರಳಿನಲ್ಲಿ ಹುರಿಯುವವರೆಗೆ ಅಬ್ಬಾ ಎಲ್ಲ ಹೇಳಿದರು. ಉಪ್ಪು ಹೆಚ್ಚು ಕಡಿಮೆಯಾದರೆ, ಮರಳು ಸರಿಯಾಗಿ ಕಾಯದಿದ್ದರೆ ಒಂದು ಚೀಲ ಹಾಳು. ಮತ್ತೆ ಬರೆದೆ. ಮುಂದಿನ ತಿಂಗಳು ಬಳಗದಲ್ಲಿ ಓದುವ ಮೊದಲು ಅಬ್ಬಾಗೆ ಓದಿ ಹೇಳಿದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಸುಮ್ಮನೆ ಕೇಳಿ ಒಂದೇ ಮಾತು ಹೇಳಿದರು: "ಮೂರು ಗಂಟೆಗಲ್ಲ, ಎರಡೂವರೆಗೆ ಏಳ್ತೀನಿ. ಅದನ್ನ ಸರಿ ಮಾಡು." ಇದು ನನಗೆ ಸಿಕ್ಕ ದೊಡ್ಡ ಲಾಭ.

ಇದು ನಮಗೆ ಹೊಸದೇನೂ ಅಲ್ಲ. ಉರ್ದು ಶಾಯರಿಯಲ್ಲಿ ಶಾಗಿರ್ದ್ ತನ್ನ ಶೇರ್‌ಗಳನ್ನು ಉಸ್ತಾದರಿಗೆ ತೋರಿಸಿ ಇಸ್ಲಾಹ್ ಪಡೆಯುತ್ತಾನೆ. ನಶಿಸ್ತ್‌ನಲ್ಲಿ ನಾಲ್ಕು ಜನರ ಮುಂದೆ ಓದುತ್ತಾನೆ. ಕನ್ನಡದಲ್ಲೂ ಹೀಗೆಯೇ ನಡೆದಿದೆ. 1920ರ ದಶಕದಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆ ಮತ್ತು ಅವರ ಸ್ನೇಹಿತರದು 'ಗೆಳೆಯರ ಗುಂಪು' ಎಂಬ ಬಳಗವಿತ್ತು. ಬೇಂದ್ರೆಯವರ ಮನೆಮಾತು ಮರಾಠಿ. ನಮ್ಮಂತೆ ಉರ್ದು ಮನೆಮಾತಿನ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದುಕೊಂಡೇ ಕನ್ನಡದ ಕವಿಯಾದರು, 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹಾಸನದ ಬಾನು ಮುಷ್ತಾಕ್ ಬಂಡಾಯ ಸಾಹಿತ್ಯ ಚಳವಳಿಯ ಜೊತೆಗೆ ಬೆಳೆದ ಲೇಖಕಿ. 2025ರಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮನೆಮಾತು ಬೇರೆ ಎಂಬ ನೆಪ ನಮಗಿನ್ನು ಉಳಿದಿಲ್ಲ.

ನಷ್ಟದ ಕಡೆಯನ್ನೂ ಬರೆಯಬೇಕು. ಕೆಲವು ಸಲ ಬಳಗದಲ್ಲಿ ಎಲ್ಲರೂ "ಚೆನ್ನಾಗಿದೆ" ಎಂದು ಮುಗಿಸಿಬಿಡುತ್ತಾರೆ. ಅದರಿಂದ ಏನೂ ಕಲಿಯಲಾಗುವುದಿಲ್ಲ. ಹಿರಿಯರು ಮಾತು ಬೆಳೆಸಿ ನಮ್ಮ ಸರದಿ ಬರದೇ ಹೋದದ್ದೂ ಇದೆ. ಪರೀಕ್ಷೆ ಹತ್ತಿರ ಬಂದಾಗ ಒಂದು ಭಾನುವಾರ ಕಳೆದುಕೊಳ್ಳುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ನನಗೆ ಹರಿಹರದಲ್ಲಿ ನಾನಿಯ ಮನೆಯಿದೆ, ಜೊತೆಗೆ ಬರುವ ಮಾಮು ಇದ್ದಾರೆ. ನನ್ನ ತರಗತಿಯಲ್ಲಿ ನನಗಿಂತ ಚೆನ್ನಾಗಿ ಬರೆಯುವ ಹುಡುಗಿಯರಿದ್ದಾರೆ. ಸಂಜೆ ಬೇರೆ ಊರಿಗೆ ಹೋಗಲು ಅವರ ಮನೆಯಲ್ಲಿ ಒಪ್ಪುವುದಿಲ್ಲ. ಅವರಿಗೆ "ಬಳಗಕ್ಕೆ ಸೇರಿ" ಎಂದರೆ ಸಾಲದು, ಬಳಗವೇ ಅವರಿರುವಲ್ಲಿಗೆ ಬರಬೇಕು.

ಅದಕ್ಕೇ ನನ್ನದೊಂದು ಸಲಹೆ. ತಿಂಗಳಿಗೊಮ್ಮೆ, ಒಂದು ಶನಿವಾರ, ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಒಂದು ಗಂಟೆ ಕೂರೋಣ. ಒಬ್ಬೊಬ್ಬರು ಒಂದೇ ಪುಟ ಓದಲಿ. ಕೇಳಿದವರು ಬರೀ ಹೊಗಳದೆ ಒಂದು ಪ್ರಶ್ನೆಯನ್ನಾದರೂ ಕೇಳಲಿ. ವ್ಯಾಕರಣ ತಪ್ಪಿದರೆ ಯಾರೂ ನಗಬಾರದು, ಕೊನೆಯಲ್ಲಿ ಪಕ್ಕ ಕೂತು ತಿದ್ದಿಕೊಟ್ಟರೆ ಸಾಕು. ಉರ್ದುವಿನಲ್ಲಿ ಬರೆದವರೂ ಓದಲಿ, ಅದರ ಅರ್ಥ ಕನ್ನಡದಲ್ಲಿ ಹೇಳಲಿ. ಉಪನ್ಯಾಸಕರು ದಯವಿಟ್ಟು ಬನ್ನಿ, ಆದರೆ ಮಾರ್ಕ್ಸ್ ಹಾಕಬೇಡಿ. ನೀವು ಬರೆದದ್ದನ್ನೂ ಓದಿ.

1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ದಾವಣಗೆರೆಯಲ್ಲೇ ನಡೆದಿತ್ತು. ಅಂಥ ಸಮ್ಮೇಳನಕ್ಕೆ ದೊಡ್ಡ ಪೆಂಡಾಲು ಬೇಕು. ನಾನು ಹೇಳುತ್ತಿರುವುದಕ್ಕೆ ಒಂದು ಮೇಜು, ಎಂಟು ಕುರ್ಚಿ ಸಾಕು. ಇಷ್ಟವಿದ್ದವರು ಒಂದು ಪುಟ ಬರೆದುಕೊಂಡು ಲೈಬ್ರರಿಯಲ್ಲಿ ನನ್ನನ್ನು ಭೇಟಿಯಾಗಿ. ಏನು ಬರೆಯುವುದು ಎಂದು ತೋಚದಿದ್ದರೆ, ಇವತ್ತು ರಾತ್ರಿ ಮನೆಯಲ್ಲಿ ಯಾರನ್ನಾದರೂ ಕೇಳಿ ನೋಡಿ: ನೀವು ಎಷ್ಟು ಗಂಟೆಗೆ ಏಳ್ತೀರಿ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ