ಚಂದಾ ಕೊಡದವನ ಬೋನಸ್ಸು

ಕಳೆದ ಸಂಬಳದ ವಾರ ಚನ್ನಪಟ್ಟಣದ ರೈಲು ನಿಲ್ದಾಣದ ಹೊರಗಿನ ಟೀ ಅಂಗಡಿಯಲ್ಲಿ ಹಳಿ ಗ್ಯಾಂಗಿನ ಸೋದರರೊಬ್ಬರು ನಮ್ಮನ್ನು ತಡೆದು ಕೇಳಿದರು: “ಯೂನಿಯನ್‌ಗೆ ಚಂದಾ ಕೊಟ್ಟೋನಿಗೂ ಅದೇ ಸಂಬಳ, ಕೊಡದೋನಿಗೂ ಅದೇ ಸಂಬಳ. ಹಂಗಾದ್ರೆ ನಾನ್ಯಾಕೆ ಕೊಡಬೇಕು ಮೇಷ್ಟ್ರೇ?”

ಹೀಗೆ ಕೇಳಿದವರನ್ನು ಮಾಲೀಕರ ಬಾಲಬಡುಕರೆಂದು ಬೈದು ಕಳಿಸುವುದು ನಮ್ಮವರಲ್ಲಿ ಚಾಳಿಯಾಗಿಬಿಟ್ಟಿದೆ. ಆದರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಪೇಟೆಯ ವರ್ತಕರಿಗೂ ಈ ಲೆಕ್ಕ ಗೊತ್ತು. ಬೀದಿಯ ಅಂಗಡಿಯವರೆಲ್ಲ ಸೇರಿ ರಾತ್ರಿ ಕಾವಲಿಗೆ ಒಬ್ಬನನ್ನು ಇಟ್ಟರೆ, ಪಾಲು ಕೊಡದವನ ಅಂಗಡಿಯ ಬೀಗವನ್ನೂ ಅವನು ಕಾಯುತ್ತಾನೆ. ಅದೊಂದನ್ನು ಬಿಟ್ಟು ಕಾಯಿ ಎಂದು ಹೇಳಲಾದೀತೆ?

1974ರ ಸಂಗತಿಯನ್ನು ನೆನೆಯಿರಿ. ಆ ವರ್ಷದ ಮೇ 8ರಂದು ದೇಶದ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಆಗ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರು. ಬೋನಸ್ಸು, ಎಂಟು ಗಂಟೆಯ ದುಡಿಮೆ ಮುಖ್ಯ ಬೇಡಿಕೆಗಳಲ್ಲಿ ಸೇರಿದ್ದವು. ಎನ್.ಎಫ್.ಐ.ಆರ್. ಎಂಬ ಇನ್ನೊಂದು ಫೆಡರೇಷನ್ ಹೊರಗೇ ನಿಂತಿತು. ಸಾವಿರಾರು ಮಂದಿ ಜೈಲು ಕಂಡರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು, ಕ್ವಾರ್ಟರ್ಸುಗಳಿಂದ ಹೆಂಡಿರು ಮಕ್ಕಳನ್ನು ಬೀದಿಗೆ ತಳ್ಳಲಾಯಿತು. ಮೇ 27ರಂದು ಏನೂ ದಕ್ಕದೆ ಮುಷ್ಕರವನ್ನು ಹಿಂತೆಗೆಯಬೇಕಾಯಿತು. ಕೆಲಸ ಹೋದವರು ಮರಳಿ ಒಳಗೆ ಬಂದದ್ದು 1977ರಲ್ಲಿ ಸರ್ಕಾರ ಬದಲಾದ ಮೇಲೆ. ಬೋನಸ್ಸು ಬಂದದ್ದು 1979ರಲ್ಲಿ. ಜೈಲಿಗೆ ಹೋದವನಿಗೂ ಬಂತು, ಆ ಇಪ್ಪತ್ತು ದಿನ ಗಾಡಿ ಓಡಿಸಿದವನಿಗೂ ಬಂತು.

ಎಲ್ಲರಿಗೂ ಬಂದದ್ದನ್ನು ನಾವು ದೂರುತ್ತಿಲ್ಲ. ಸದಸ್ಯನಿಗೊಂದು, ಉಳಿದವನಿಗೊಂದು ಸಂಬಳವೆಂದಾದರೆ ಕಾರ್ಮಿಕರನ್ನು ಒಡೆಯುವ ಕೊಡಲಿಯನ್ನು ಅಧಿಕಾರಿಯ ಕೈಗೆ ನಾವೇ ಇಟ್ಟಂತಾಗುತ್ತದೆ. ನಮ್ಮ ಪ್ರಶ್ನೆ ಖರ್ಚಿನದು. ರೈಲ್ವೆಯಲ್ಲಿ 2007ರಲ್ಲಿ, 2013ರಲ್ಲಿ, ಮತ್ತೆ 2024ರ ಡಿಸೆಂಬರಿನಲ್ಲಿ ಗುಪ್ತ ಮತದಾನ ನಡೆದು, ಯಾವ ಯೂನಿಯನ್ನಿಗೆ ಮಾನ್ಯತೆ ಎಂಬುದನ್ನು ಕಾರ್ಮಿಕರೇ ತೀರ್ಮಾನಿಸಿದರು. ಇದು ಒಳ್ಳೆಯ ಕ್ರಮ. ಹುಬ್ಬಳ್ಳಿ ಕೇಂದ್ರವಾಗಿರುವ ನಮ್ಮ ನೈಋತ್ಯ ರೈಲ್ವೆಯಲ್ಲೂ ಸದಸ್ಯನಲ್ಲದವನಿಗೆ ಓಟುಂಟು. ಹೀಗೆ ಅವನಿಗೆ ಓಟೂ ಉಂಟು, ಫಲವೂ ಉಂಟು. ಖರ್ಚು ಮಾತ್ರ ಪಕ್ಕದವನದು. ಆ ಖರ್ಚಾದರೂ ಎಷ್ಟು? 1926ರ ಟ್ರೇಡ್ ಯೂನಿಯನ್ ಕಾಯಿದೆಗೆ 2001ರಲ್ಲಿ ಬಂದ ತಿದ್ದುಪಡಿ, ಸಂಘಟಿತ ವಲಯದ ಕಾರ್ಮಿಕನಿಗೆ ಗೊತ್ತುಮಾಡಿದ್ದ ಕನಿಷ್ಠ ಚಂದಾ, 2025ರಲ್ಲಿ ಆ ಕಾಯಿದೆ ರದ್ದಾಗುವವರೆಗೆ, ವರ್ಷಕ್ಕೆ 12 ರೂಪಾಯಿ ಆಗಿತ್ತು!

ಅಮೆರಿಕದವರು ಇದಕ್ಕೆ ಒಂದು ದಾರಿ ಹುಡುಕಿದರು. 1951ರಲ್ಲಿ ಅಲ್ಲಿಯ ರೈಲ್ವೆ ಕಾರ್ಮಿಕ ಕಾಯಿದೆಯನ್ನು ತಿದ್ದಿ, ಕಂಪನಿಯೂ ಯೂನಿಯನ್ನೂ ಒಪ್ಪಂದ ಮಾಡಿಕೊಂಡರೆ ಎಲ್ಲ ಕೆಲಸಗಾರರೂ ಯೂನಿಯನ್ನಿಗೆ ಹಣ ಕಟ್ಟಬೇಕೆಂದು ವಿಧಿಸಲು ಅವಕಾಶ ಕೊಟ್ಟರು. ಒಪ್ಪದವರು ಕೋರ್ಟಿಗೆ ಹೋದರು. 1956ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಒಪ್ಪದವನ ಹಣವನ್ನು ರಾಜಕೀಯಕ್ಕೆ ಬಳಸಕೂಡದೆಂದು 1961ರಲ್ಲಿ ಹೇಳಿತು. ಸದಸ್ಯನಾಗದೆ, ಸಂಧಾನದ ಖರ್ಚಿನ ಪಾಲನ್ನಷ್ಟೇ ಕೊಡುವ ಈ ಹಣಕ್ಕೆ ಅಲ್ಲಿ ಏಜೆನ್ಸಿ ಶುಲ್ಕವೆನ್ನುತ್ತಾರೆ. ಸರ್ಕಾರಿ ನೌಕರರ ಮಟ್ಟಿಗೆ 2018ರಲ್ಲಿ ಆ ಕೋರ್ಟೇ ಇದನ್ನು ರದ್ದುಮಾಡಿತು. ರೈಲ್ವೆಯಲ್ಲಿ ಉಳಿದಿದೆ.

ಇಂಗ್ಲೆಂಡಿನಲ್ಲಿ ಆಸ್ಬರ್ನ್ ಎಂಬ ರೈಲ್ವೆ ಪೋರ್ಟರ್, ತನ್ನ ಚಂದಾ ಲೇಬರ್ ಪಕ್ಷಕ್ಕೆ ಹೋಗಕೂಡದೆಂದು ದಾವೆ ಹೂಡಿ 1909ರಲ್ಲಿ ಗೆದ್ದ. 1913ರ ಕಾಯಿದೆ ರಾಜಕೀಯದ ನಿಧಿಯನ್ನು ಬೇರೆ ಮಾಡಿ, ಬೇಡವೆಂದವನು ಅದಕ್ಕೆ ಕೊಡಬೇಕಾಗಿಲ್ಲವೆಂದಿತು. ಆಸ್ಬರ್ನನ ಹೆಸರೆತ್ತಿದರೆ ನಮ್ಮ ಕೆಲವು ಸಂಗಾತಿಗಳಿಗೆ ಕೋಪ ಬರುತ್ತದೆ. ನಾವೂ ಪಕ್ಷದ ಕೆಲಸಗಾರರೇ. ಆದರೂ ಅವನ ಮಾತು ನ್ಯಾಯವೆಂದೇ ನಮಗೆ ಕಾಣುತ್ತದೆ. ಪಕ್ಷಕ್ಕೆ ಹಣ ಬೇಕಾದರೆ ಪಕ್ಷದ ಹೆಸರಿನಲ್ಲಿ ಡಬ್ಬಿ ಹಿಡಿದು ಕೇಳಬೇಕು. ಅದೇ ದೇಶದಲ್ಲಿ ಮುಂದೆ ಯೂನಿಯನ್ ಸೇರಲೊಪ್ಪದ ಮೂವರನ್ನು ರೈಲ್ವೆಯ ಕೆಲಸದಿಂದಲೇ ತೆಗೆದರು. 1981ರಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಆ ಮೂವರ ಪರವಾಗಿ ತೀರ್ಪಿತ್ತಿತು. ಅನ್ನದ ತಟ್ಟೆ ಕಿತ್ತುಕೊಂಡು ಸಂಘ ಕಟ್ಟುವ ಈ ಬಗೆಯನ್ನು ನಾವು ಒಪ್ಪುವುದಿಲ್ಲ.

ನಾವು ಮೇಷ್ಟರಾಗಿದ್ದಾಗ ಹುಡುಗರನ್ನು ಕೆಂಗಲ್ಲಿಗೆ ವನಭೋಜನಕ್ಕೆ ಕರೆದೊಯ್ಯುತ್ತಿದ್ದೆವು. ಏನೂ ತರಲಾಗದ ಹುಡುಗನಿಗೆ ಎಲ್ಲರೂ ಬಡಿಸುತ್ತಿದ್ದರು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಕೊಟ್ಟ ಕಾಸನ್ನು ಬಚ್ಚಿಟ್ಟುಕೊಂಡು ಊಟಕ್ಕೆ ಕೂತವನನ್ನು ಮಾತ್ರ ಹುಡುಗರೇ ಹಿಡಿಯುತ್ತಿದ್ದರು. ನಿಲ್ದಾಣ ಗುಡಿಸುವ ಗುತ್ತಿಗೆ ಹೆಂಗಸಿನಿಂದ ನಾವು ಕಾಸು ಕೇಳುವುದಿಲ್ಲ. ಕಾಯಂ ಸಂಬಳದವರಿಂದ ಕೇಳುತ್ತೇವೆ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಸೇರುವುದು ಬಿಡುವುದು ಕಾರ್ಮಿಕನ ಇಷ್ಟ. ಮಾನ್ಯತೆ ಪಡೆದ ಯೂನಿಯನ್ನಿನ ಸಂಧಾನದ ಖರ್ಚಿನಲ್ಲಿ ಅವನ ಪಾಲನ್ನು ಕಾಯಿದೆ ಗೊತ್ತುಮಾಡಲಿ. ಅದರಲ್ಲಿ ಒಂದು ಕಾಸೂ ಯಾವ ಪಕ್ಷಕ್ಕೂ, ನಮ್ಮ ಪಕ್ಷಕ್ಕೂ, ಹೋಗದಿರಲಿ. ಆ ಕಾಯಿದೆ ಬರುವ ಮೊದಲೇ ಯೂನಿಯನ್ನುಗಳು ಮಾಡಬಹುದಾದ ಕೆಲಸವೊಂದಿದೆ. ವರ್ಷದ ಜಮಾಖರ್ಚನ್ನು ಕನ್ನಡದಲ್ಲಿ ಬರೆದು ಪ್ರತಿ ನಿಲ್ದಾಣದಲ್ಲೂ ಹಚ್ಚಲಿ. ನಮ್ಮ ರೇಷ್ಮೆ ಕಾರ್ಖಾನೆಗಳ ಸಂಘಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಲೆಕ್ಕದ ಪುಸ್ತಕ ಕಾರ್ಯದರ್ಶಿಯ ಮನೆಯ ಅಟ್ಟದ ಮೇಲಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದಾಗ ಆ ಸೋದರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಲೆಕ್ಕ ಹಚ್ಚಲಿ, ನೋಡಾಣ” ಎಂದರು.