ಬೇನೆಯ ಹೊತ್ತಿಗೆ ಒತ್ತುವ ಬೆರಳು

ಪಾದದ ಒಳಬದಿಯ ಹರಡುಗಂಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಎಲುಬಿನ ಹಿಂದಿನ ಅಂಚಿಗೆ ಹೆಬ್ಬೆರಳಿಟ್ಟು ಒತ್ತಿದರೆ ಒಂದು ಬಗೆಯ ಮಂದ ನೋವು. ಚೀನೀ ವೈದ್ಯದಲ್ಲಿ ಈ ಜಾಗದ ಹೆಸರು ಸಾನ್‌ಯಿನ್‌ಜಿಯಾವ್. ಆಕ್ಯುಪ್ರೆಶರ್ ಬಲ್ಲವರು ಹೆರಿಗೆ ಬೇನೆ ಏರಿದಾಗ ಇಲ್ಲಿ ಒತ್ತಿ, ಇಳಿದಾಗ ಕೈ ಸಡಿಲಿಸುತ್ತಾರೆ. ಹೆರಿಗೆ ನೋವು ಇದರಿಂದ ತಗ್ಗುವುದಾದರೆ, ಕೆಲಸ ಮಾಡಿದ್ದು ಆ ಬಿಂದುವೋ, ಪಕ್ಕದಲ್ಲಿ ಕೂತವರ ಕೈಯೋ?

ಕೊರಿಯಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಅದರಲ್ಲಿದ್ದವರು 75 ಗರ್ಭಿಣಿಯರು. ಕೆಲವರಿಗೆ ಅರ್ಧ ಗಂಟೆ ಈ ಜಾಗವನ್ನು ಒತ್ತಿದರು, ಉಳಿದವರಿಗೆ ಅಲ್ಲೇ ಸುಮ್ಮನೆ ಮುಟ್ಟಿದರು. ಒತ್ತಿಸಿಕೊಂಡವರಿಗೆ ನೋವೂ ಕಡಿಮೆ, ಹೆರಿಗೆಗೆ ಹಿಡಿದ ಹೊತ್ತೂ ಕಡಿಮೆ. ಹಾಗೆಂದು ಬಿಂದುವಿನ ಮಹಿಮೆ ಸಾಬೀತಾಯಿತೆನ್ನುವಂತಿಲ್ಲ. ಎರಡೂ ಗುಂಪಿಗೆ ಕೈಯಿಟ್ಟದ್ದು ಒಂದೇ ಜಾಗದಲ್ಲಿ. ಗೆದ್ದದ್ದು ಒತ್ತಡ.

ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್‌ನ 2020ರ ವಿಮರ್ಶೆ ಆಕ್ಯುಪಂಕ್ಚರ್, ಆಕ್ಯುಪ್ರೆಶರ್ ಎರಡರ 28 ಪ್ರಯೋಗಗಳನ್ನು ಜರಡಿ ಹಿಡಿಯಿತು. ಆಕ್ಯುಪ್ರೆಶರ್ ನೋವನ್ನು ತಗ್ಗಿಸಬಹುದು ಎಂದಿತು, ಪುರಾವೆ ಗಟ್ಟಿಯಿಲ್ಲ ಎಂದೂ ಸೇರಿಸಿತು. ಇಂಥ ಪ್ರಯೋಗಗಳ ತೊಡಕೇ ಇದು: ಸಕ್ಕರೆ ಗುಳಿಗೆ ಕೊಟ್ಟು ರೋಗಿಯನ್ನು ಯಾಮಾರಿಸಬಹುದು, ಒತ್ತುವವರನ್ನೇ ಯಾಮಾರಿಸುವುದು ಹೇಗೆ?

ಒತ್ತಡಕ್ಕೆ ವಿಜ್ಞಾನದಲ್ಲೂ ಒಂದು ನೆಲೆಯಿದೆ. ಸ್ಪರ್ಶ, ಒತ್ತಡದ ಸಂಕೇತಗಳು ಬೆನ್ನುಹುರಿಯಲ್ಲೇ ನೋವಿನ ಸಂಕೇತಗಳಿಗೆ ಅಡ್ಡ ಬರುತ್ತವೆ ಎಂದು ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಪ್ರತಿಪಾದಿಸಿದರು. ಹಳ್ಳಿಯ ಸೂಲಗಿತ್ತಿ ಹರಳೆಣ್ಣೆ ಹಚ್ಚಿ ಸೊಂಟ ನೀವುತ್ತಿದ್ದಾಗ ಬಿಂದುಗಳ ಯಾವ ನಕ್ಷೆಯನ್ನೂ ನೋಡುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಮಸಾಜ್, ಬಿಸಿ ಶಾಖ, ಮೆಚ್ಚಿನ ಸಂಗಾತಿಯ ಜೊತೆ ಎಲ್ಲವನ್ನೂ ಒಪ್ಪಿದೆ. ಬಿಂದುವಾದವನ್ನು ನಂಬದವರೂ ಒತ್ತುವ ಕೈಯನ್ನು ಹೆರಿಗೆ ಕೋಣೆಯಿಂದ ಹೊರಗಟ್ಟಲು ಕಾರಣವಿಲ್ಲ. ಖರ್ಚಿಲ್ಲ, ಗಂಡನೋ ಅಮ್ಮನೋ ಕಲಿಯಬಹುದು. ದಿನ ತುಂಬುವ ಮೊದಲು ಕಾಲಿನ ಆ ಬಿಂದು ಒತ್ತಬೇಡಿ ಎಂದು ಆಕ್ಯುಪ್ರೆಶರ್ ಬಲ್ಲವರೇ ಎಚ್ಚರಿಸುತ್ತಾರೆ, ಅಷ್ಟು ನೆನಪಿದ್ದರಾಯಿತು.

ಹಾಗಾದರೆ ತಕರಾರು ಎಲ್ಲಿ? ನಮ್ಮಲ್ಲಿ ಹೆರಿಗೆ ನೋವನ್ನು ಹೆಣ್ಣಿನ ಸಹನೆಯ ಪರೀಕ್ಷೆಯನ್ನಾಗಿ ಮಾಡಿ ಕೂರಿಸಿದ್ದೇವೆ. ‘ನಮ್ಮ ಕಾಲದಲ್ಲಿ ಇಂಜೆಕ್ಷನ್ ಎಲ್ಲಿತ್ತು’ ಎನ್ನುವ ಮನೆಯಲ್ಲಿ ‘ಸಹಜ ವಿಧಾನ’ ಎಂಬ ಹೊಗಳಿಕೆ, ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆ ಬೇಡವೆನ್ನಲು ನೆಪವಾಗುತ್ತದೆ. ಎಪಿಡ್ಯೂರಲ್ ನರಗಳನ್ನೇ ಮರಗಟ್ಟಿಸುತ್ತದೆ. ಹೆಬ್ಬೆರಳಿಗೆ ಆ ಶಕ್ತಿಯಿಲ್ಲ. ಆದ್ದರಿಂದ ಒತ್ತಲು ಕಲಿಸುವ ದಾದಿ ಇದನ್ನೂ ಮೊದಲೇ ಹೇಳಿಬಿಡಬೇಕು: ಸಾಕೆನಿಸಿದಾಗ ಬೇರೆ ಉಪಾಯ ಕೇಳಬಹುದು, ಕೇಳುವವಳು ಹೆರುವವಳೇ ಹೊರತು ಒತ್ತುವವರಲ್ಲ.